ನೋಡಲಿಕ್ಕೆ ಮಾತ್ರ

ಡಾಕ್ಟರು ಮಾತಾಡುವುದನ್ನು ನಿಲ್ಲಿಸಿ ಸ್ವಲ್ಪ ಹೊತ್ತಾಗಿತ್ತು. ಅವರ ಎಡಗೈ ಉದ್ದನೆಯ ಪ್ಲಾಸ್ಟಿಕ್ ಗ್ಲೌಸಿನೊಳಗೆ ಭುಜದವರೆಗೂ ದನದ ಒಳಗಿತ್ತು, ಕೆನ್ನೆ ಅದರ ತೊಡೆಗೆ ಒತ್ತಿಕೊಂಡಿತ್ತು. ಬಾಲವನ್ನು ಬದಿಗೆ ಹಿಡಿದು ನಿಂತಿದ್ದ ಕೀರ್ತನ್ ಕಾದ. ಎರಡು ಸಲ ಕೃತಕ ಗರ್ಭಧಾರಣೆಯ ಇಂಜೆಕ್ಷನ್ ಕೊಡಿಸಿದರೂ ಗಬ್ಬ ಕಟ್ಟದ ದನ ಅದು. ಈ ಸಲವಾದರೂ ಡಾಕ್ಟರ ಬಾಯಲ್ಲಿ ಒಳ್ಳೆಯ ಮಾತು ಬಂದೀತೆಂದು ಬೆಳಿಗ್ಗೆಯಿಂದ ಕೂತಿದ್ದ.

"ಉಂಟಾ ಡಾಕ್ಟ್ರೆ?"

ಉತ್ತರ ಬರಲಿಲ್ಲ. ಅವನು ಬಾಲ ಬಿಡದೆಯೇ ಬಗ್ಗಿ ನೋಡಿದ. ಡಾಕ್ಟರ ಕಣ್ಣು ಮುಚ್ಚಿತ್ತು. ಬಾಯಿ ತುಸು ತೆರೆದಿತ್ತು. ಅವರ ಉಸಿರಿಗೆ ದನದ ಮೈಮೇಲಿನ ಸಣ್ಣ ಕೂದಲು ಅಲುಗುತ್ತಿತ್ತು.

"ಓ ಕುಕ್ಕಪ್ಪಣ್ಣ, ಇಲ್ಲಿ ಬನ್ನಿ ಒಮ್ಮೆ. ಇವರಿಗೆ ಎಂತ ಆಗಿದೆ ನೋಡಿ."

ನಲ್ಲಿಯ ಹತ್ತಿರ ಬಕೆಟ್ ತೊಳೆಯುತ್ತಿದ್ದ ಕುಕ್ಕಪ್ಪ ಬಂದು ನೋಡಿ, "ಮೇಡಮ್!" ಎಂದು ಕೂಗಿದ. ಡಾಕ್ಟರ್ ನಿಶ್ಮಿತಾ ಬೆಚ್ಚಿ ಕಣ್ಣು ಬಿಟ್ಟಳು. ಆ ಕೂಗಿಗೆ ದನವೂ ಬೆಚ್ಚಿ ಪಕ್ಕಕ್ಕೆ ಸರಿಯಿತು. ಅವಳ ಕೈ ತಿರುಚಿ, ಮೈ ಗೋಡೆಗೆ ಬಡಿಯಿತು. ಕುಕ್ಕಪ್ಪ ಎರಡೂ ಕೈಯಿಂದ ದನವನ್ನು ಒತ್ತಿ ಹಿಡಿದದ್ದರಿಂದ ಅವಳ ಕೈ ಉಳಿಯಿತು. ಆ ಹೊತ್ತಿನಲ್ಲಿ ದನ ಮಲಗಿಬಿಟ್ಟಿದ್ದರೆ ಮೂಳೆ ಮುರಿಯುತ್ತಿತ್ತು ಎಂಬುದು ದನದ ಹಟ್ಟಿಯಲ್ಲಿದ್ದ ಮೂವರಿಗೂ ಗೊತ್ತಿತ್ತು.

"ಇಲ್ಲ, ಗಬ್ಬ ಇಲ್ಲ," ಎಂದಳು ನಿಶ್ಮಿತಾ. ಹಾಗೆಂದ ಮೇಲೆ, ತಾನು ನಿಜವಾಗಿಯೂ ಮುಟ್ಟಿ ನೋಡಿದೆನೋ ಅಥವಾ ನಿದ್ದೆಯಲ್ಲಿ ಹಾಗನ್ನಿಸಿತೋ ತಿಳಿಯದೆ ಇನ್ನೊಂದು ಗ್ಲೌಸ್ ಹಾಕಿ ಮತ್ತೆ ನೋಡಿದಳು. ಇರಲಿಲ್ಲ.

ಕೀರ್ತನ್ ಅವಳ ಸ್ಕೂಟರ್ ಗೇಟು ದಾಟುವವರೆಗೂ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ.

ಆಸ್ಪತ್ರೆಗೆ ಹಿಂತಿರುಗುವ ದಾರಿಯಲ್ಲಿ ಹಿಂದೆ ಕೂತಿದ್ದ ಕುಕ್ಕಪ್ಪ ಎರಡು ಸಲ ಕೆಮ್ಮಿದ. ಅವನು ಪಶು ಆಸ್ಪತ್ರೆಯ ಸಹಾಯಕ. ಹಳಬರು ಈಗಲೂ ಅವನನ್ನು ಕಂಪೌಂಡರ್ ಎಂದೇ ಕರೆಯುತ್ತಾರೆ. ಮಾತಾಡಬೇಕೆಂದಿದ್ದಾಗ ಕೆಮ್ಮುವುದು ಅವನ ಅಭ್ಯಾಸ. ಆದರೆ ಅಷ್ಟರಲ್ಲಿ ಅವಳ ಫೋನು ರಿಂಗಾಯಿತು. ಗಾಡಿ ನಿಲ್ಲಿಸಿ ತೆಗೆದಳು. ಅದು ಮುಗಿಯುವ ಮೊದಲೇ ಇನ್ನೊಂದು ಬಂತು.

ಕಡಬದ ಸುತ್ತಿನ ಮೂರು ಆಸ್ಪತ್ರೆಗಳಿಗೆ ಅವಳೊಬ್ಬಳೇ. ಒಂದು ಅವಳದ್ದೇ, ಉಳಿದೆರಡು ಇನ್‌ಚಾರ್ಜ್. ಅಲ್ಲಿದ್ದ ಡಾಕ್ಟರೊಬ್ಬರು ನಿವೃತ್ತರಾದರು, ಇನ್ನೊಬ್ಬರು ವರ್ಗವಾಗಿ ಹೋದರು. ಸದ್ಯಕ್ಕೆ ನೀವೇ ನೋಡಿಕೊಳ್ಳಿ ಎಂದದ್ದು ಹಾಗೆಯೇ ಉಳಿಯಿತು. ಬೆಳಿಗ್ಗೆ ಕಾಲುಬಾಯಿ ಜ್ವರದ ಲಸಿಕೆ, ಮಧ್ಯಾಹ್ನ ಕೆಚ್ಚಲು ಬಾವು, ಸಂಜೆ ಯಾರದೋ ಆಡು. ಅದರ ಎಡೆಯಲ್ಲಿ ಫೋನು. ಸ್ನಾನಕ್ಕೆ ಹೋದರೆ ನೀರಿನ ಸದ್ದಿನೊಳಗೆ ಅವಳಿಗೆ ರಿಂಗ್ ಕೇಳುತ್ತಿತ್ತು. ಪುತ್ತೂರಿನಲ್ಲಿದ್ದ ಅಮ್ಮ ಕರೆ ಮಾಡಿದರೂ "ಹೇಳಿ, ಎಂತ ಆಗಿದೆ ದನಕ್ಕೆ?" ಎಂದು ಒಮ್ಮೆ ಕೇಳಿಬಿಟ್ಟಿದ್ದಳು. ಅಮ್ಮ ನಕ್ಕಿರಲಿಲ್ಲ.

ಚಳಿಗಾಲದಲ್ಲಿ ಯಾವುದೋ ಸಂಸ್ಥೆಯವರು ನೌಕರರ ಮನಸ್ಸಿನ ಆರೋಗ್ಯದ ಬಗ್ಗೆ ಆನ್‌ಲೈನ್ ತರಬೇತಿ ನಡೆಸಿದ್ದರು. ಆ ದಿನ ಅವಳು ನೆಲ್ಯಾಡಿಯ ಹತ್ತಿರ ಒಂದು ಹಟ್ಟಿಯಲ್ಲಿದ್ದಳು. ಫೋನನ್ನು ಕಿಟಕಿಯ ಸರಳಿಗೆ ಒರಗಿಸಿಟ್ಟು, ಕೊಳೆತ ಮಾಸನ್ನು ದನದ ಗರ್ಭದಿಂದ ಬಿಡಿಸಿ ತೆಗೆಯುತ್ತಿದ್ದಳು. ತೆರೆಯ ಮೇಲಿದ್ದ ಹೆಂಗಸು ಮೆಲ್ಲನೆಯ ದನಿಯಲ್ಲಿ, "ಈಗ ಎಲ್ಲರೂ ದೀರ್ಘವಾಗಿ ಉಸಿರು ಎಳೆದುಕೊಳ್ಳಿ," ಎಂದರು. ಆ ವಾಸನೆಯಲ್ಲಿ ಉಸಿರು ಎಳೆಯುವುದಾದರೂ ಹೇಗೆ? ಕುಕ್ಕಪ್ಪ ನಕ್ಕು ನಕ್ಕು ಹಟ್ಟಿಯಿಂದ ಹೊರಗೆ ಹೋಗಿದ್ದ. ಅವಳೂ ನಕ್ಕಿದ್ದಳು. ಅವಳು ಕೊನೆಯ ಬಾರಿ ಹಾಗೆ ನಕ್ಕದ್ದು ಅಂದೇ.

ಈಗ ಅವಳನ್ನು ಹೆದರಿಸಿದ್ದು ನಿದ್ದೆಯಲ್ಲ. ಕೀರ್ತನನ ಮನೆಗೆ ಹೋಗುವ ಮೊದಲು, ಅದೇ ದಿನ ಬೆಳಿಗ್ಗೆ ಬೇರೊಂದು ಮನೆಯಲ್ಲಿ ಅಡ್ಡ ತಿರುಗಿದ್ದ ಕರುವನ್ನು ಎಳೆದು ತೆಗೆದಿದ್ದಳು. ಸತ್ತಿತ್ತು. ಆ ಮನೆಯ ಹೆಂಗಸು ಕರುವಿನ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಅತ್ತಾಗ ನಿಶ್ಮಿತಾ ಕೈ ತೊಳೆಯುತ್ತ, ಮುಂದಿನ ಮನೆಗೆ ಒಳದಾರಿಯಲ್ಲಿ ಹೋದರೆ ಬೇಗವೋ ರಸ್ತೆಯಲ್ಲಿ ಹೋದರೆ ಬೇಗವೋ ಎಂದು ಯೋಚಿಸುತ್ತಿದ್ದಳು. ಎದೆಯೊಳಗೆ ಏನೂ ಆಗಲಿಲ್ಲ. ಮಳೆಗಾಲ ಕಳೆದ ಮೇಲೆ ಕೆಲಸ ಬಿಟ್ಟುಬಿಡುವುದೆಂದು ಅವಳು ಆಗಲೇ ನಿರ್ಧರಿಸಿದ್ದಳು. ಯಾರಿಗೂ ಹೇಳಿರಲಿಲ್ಲ.

* * *

ಇಚಿಲಂಪಾಡಿಯ ಹಾಲಿನ ಸೊಸೈಟಿಯಿಂದ ಕರೆ ಬಂದಾಗ ಯಾಕೆಂದು ಅವಳಿಗೆ ಗೊತ್ತಾಯಿತು. ಕೀರ್ತನ್ ದೂರು ಕೊಟ್ಟಿದ್ದ.

ಸಂಜೆಯ ಹಾಲು ಅಳೆದು ಮುಗಿದಿತ್ತು. ನೆಲಕ್ಕೆ ನೀರು ಹೊಯ್ದಿದ್ದರೂ ಹುಳಿ ಹಾಲಿನ ವಾಸನೆ ಹೋಗಿರಲಿಲ್ಲ. ಸದಸ್ಯರು ಕ್ಯಾನುಗಳ ಮೇಲೆ, ಮೆಟ್ಟಿಲ ಮೇಲೆ, ಹಿಂಡಿಯ ಮೂಟೆಗಳ ಮೇಲೆ ಕೂತಿದ್ದರು. ಅಧ್ಯಕ್ಷರಾದ ಮಹಾಗಣಪತಿ ಭಟ್ಟರು ಅವಳಿಗೆ ಕುರ್ಚಿ ತೋರಿಸಿದರು. ಅವಳು ಕೂರಲಿಲ್ಲ.

"ನಾನು ಸುಳ್ಳು ಹೇಳುದಿಲ್ಲ," ಎಂದು ಕೀರ್ತನ್ ಎದ್ದು ನಿಂತ. "ಡಾಕ್ಟ್ರು ನಮ್ಮ ದನದ ಮೇಲೆ ತಲೆ ಇಟ್ಟು ನಿದ್ದೆ ಮಾಡಿದ್ದಾರೆ. ಅವರ ಮೇಲೆ ನನಗೆ ದ್ವೇಷ ಎಂತದ್ದೂ ಇಲ್ಲ. ಆದ್ರೆ ಹೀಗೆ ನಿದ್ದೆಗಣ್ಣಲ್ಲಿ ಇಂಜೆಕ್ಷನ್ ಕೊಟ್ಟು ಹೆಚ್ಚುಕಮ್ಮಿ ಆದ್ರೆ? ನನ್ನ ಮನೆ ನಡೆಯುದು ಆ ದನಗಳಿಂದ."

"ಹೌದು, ನಿದ್ದೆ ಬಂತು," ಎಂದಳು ನಿಶ್ಮಿತಾ. ಅವಳ ದನಿ ಅವಳಿಗೇ ಬೇರೆಯವರದ್ದೆಂಬಂತೆ ಕೇಳಿತು. "ಅವರು ಹೇಳಿದ್ದು ಸರಿ. ನೀವು ಮೇಲಿನವರಿಗೆ ಹೇಳಿ. ಹೇಳ್ಲಿಕ್ಕೆ ನಿಮಗೆ ದಾಕ್ಷಿಣ್ಯ ಬೇಡ. ಹೇಗೂ ಈ ಕೆಲಸ ನಾನು ಬಿಡ್ತಾ ಇದ್ದೇನೆ."

ಹಿಂದಿನ ಸಾಲಿನಲ್ಲಿ, ಮೂಟೆಗಳ ಪಕ್ಕದಲ್ಲಿ ನಿಂತಿದ್ದ ರಮ್ಲತ್ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. ನಾಲ್ಕು ದನ ಸಾಕಿದ, ಐವತ್ತು ದಾಟಿದ ಹೆಂಗಸು. ಸೊಸೈಟಿಯ ನಿರ್ದೇಶಕಿ ಕೂಡ. ಸಭೆಗಳಲ್ಲಿ ಹೆಚ್ಚು ಮಾತಾಡುವವಳಲ್ಲ.

"ಡಾಕ್ಟ್ರೆ, ನೀವು ಇವತ್ತು ಮಧ್ಯಾಹ್ನ ಎಂತ ಊಟ ಮಾಡಿದ್ದು?"

ನಿಶ್ಮಿತಾ ಯೋಚಿಸಿದಳು. ನೆನಪಾಗಲಿಲ್ಲ.

ಕುಕ್ಕಪ್ಪ ಕೆಮ್ಮಿದ. "ಮಾಡ್ಲಿಲ್ಲ. ನಿನ್ನೆಯೂ ಮಾಡ್ಲಿಲ್ಲ. ನಾನು ಹೇಳ್ತೇನೆ, ಮೇಡಮ್ ಬೈದ್ರೂ ಅಡ್ಡಿ ಇಲ್ಲ. ಇವರಿಗೆ ಆದಿತ್ಯವಾರ ಅಂತ ಒಂದು ಇಲ್ಲ. ಹಬ್ಬ ಇಲ್ಲ. ತಂಗಿಯ ಮದುವೆಯ ದಿವಸ ರೇಷ್ಮೆ ಸೀರೆ ಉಟ್ಟುಕೊಂಡೇ ಒಂದು ದನಕ್ಕೆ ಕ್ಯಾಲ್ಸಿಯಂ ಹಾಕಿದ್ದಾರೆ. ನಿದ್ದೆ ಬರುದು ಬಿಟ್ಟು ಮತ್ತೆಂತ ಬರ್ಬೇಕು?"

ಭಟ್ಟರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು. ಅದನ್ನು ಮತ್ತೆ ಹಾಕಿಕೊಂಡು ಸದಸ್ಯರ ಕಡೆ ತಿರುಗಿದರು.

"ಕಳೆದ ಆದಿತ್ಯವಾರ ಡಾಕ್ಟ್ರಿಗೆ ಫೋನ್ ಮಾಡಿದವರು ಇಲ್ಲಿ ಯಾರೆಲ್ಲ ಇದ್ದೀರಿ? ಹೆದರುದು ಬೇಡ, ಕೈ ಎತ್ತಿ. ನಾನೇ ಮೊದಲು ಎತ್ತುತ್ತೇನೆ. ನಮ್ಮ ಕರುವಿಗೆ ಜಂತುವಿನ ಮದ್ದು ಯಾವಾಗ ಕೊಡುದು ಅಂತ ಕೇಳಿದ್ದು ನಾನು. ಸೋಮವಾರ ಕೇಳಿದ್ರೆ ಆಗ್ತಿತ್ತು."

ಒಂದೊಂದೇ ಕೈ ಮೇಲೆ ಹೋಯಿತು. ಒಬ್ಬರ ದನ ಹಿಂಡಿ ಬಿಟ್ಟಿತ್ತು, ಸಂಜೆಗೆ ತಿಂದಿತ್ತು. ಇನ್ನೊಬ್ಬರಿಗೆ ದನದ ಕಿವಿಯ ಬಿಲ್ಲೆ ಬಿದ್ದುಹೋದರೆ ವಿಮೆ ಸಿಗುತ್ತದೋ ಇಲ್ಲವೋ ತಿಳಿಯಬೇಕಿತ್ತು. ಮತ್ತೊಬ್ಬರು ಮಗನ ನಾಯಿಮರಿಗೆ ಚಿಗಟ ಹಿಡಿದದ್ದಕ್ಕೆ ಮಾಡಿದ್ದರು. ಯಾರೋ ನಕ್ಕರು. ನಗು ಅಲ್ಲಿಗೇ ನಿಂತಿತು. ಹಿಂಡಿಯ ಮೂಟೆಗಳಿಂದ ಹಿಡಿದು ಬಾಗಿಲಿನವರೆಗೆ ಕೈ ಎತ್ತದವರು ಬಹಳ ಕಡಿಮೆ ಮಂದಿ ಇದ್ದರು.

"ಅದೆಲ್ಲ ಸರಿ," ಎಂದ ಕೀರ್ತನ್, ತನ್ನ ಎತ್ತಿದ ಕೈಯನ್ನು ಇಳಿಸುತ್ತ. "ನಿಜವಾಗಿ ಕಷ್ಟ ಬಂದ್ರೆ? ದನಕ್ಕೆ ಆದಿತ್ಯವಾರ ಅಂತ ಗೊತ್ತುಂಟಾ?"

"ದನಕ್ಕೆ ಗೊತ್ತಿಲ್ಲ," ಎಂದಳು ರಮ್ಲತ್. "ನಿಮಗೆ ಗೊತ್ತುಂಟಲ್ಲ?"

ಹಾಗೆ ಶುರುವಾದದ್ದು. ನೆಲ್ಯಾಡಿಯಲ್ಲಿ ಕೃಷ್ಣಮೋಹನ ಎಂಬ ನಿವೃತ್ತ ಪಶುವೈದ್ಯರಿದ್ದರು. ಭಟ್ಟರಿಗೆ ಅವರ ಪರಿಚಯವಿತ್ತು. ಅಲ್ಲಿಂದಲೇ ಫೋನು ಮಾಡಿದರು. ಜೀವಕ್ಕೆ ಕುತ್ತು ಬಂದಂಥದ್ದಾದರೆ ಆದಿತ್ಯವಾರ ಬರಲು ಅವರು ಒಪ್ಪಿದರು. ನಿಶ್ಮಿತಾಳ ನಂಬರಿಗೆ ಆ ದಿನ ಬರುವ ಕರೆಗಳೆಲ್ಲ ರಮ್ಲತಳ ಫೋನಿಗೆ ಹೋಗುವಂತೆ ಮಾಡುವುದು. ಯಾವುದನ್ನು ನೆಲ್ಯಾಡಿಗೆ ದಾಟಿಸಬೇಕು, ಯಾವುದನ್ನು ಸೋಮವಾರಕ್ಕೆ ಇಡಬೇಕು ಎಂದು ಅವಳು ಕೇಳಿ ತಿಳಿಯುವುದು.

ನಿಶ್ಮಿತಾಳಿಗೆ ಸಿಟ್ಟು ಬಂತು. ದೂರನ್ನು ಮೇಲಿನವರಿಗೆ ಕೊಟ್ಟಿದ್ದರೆ ತಡೆದುಕೊಳ್ಳುತ್ತಿದ್ದಳು. "ನನ್ನ ಕೆಲಸ ನಾನು ಹೇಗೆ ಮಾಡುದು ಅಂತ ನೀವು ಸಭೆ ಸೇರಿ ಹೇಳ್ಬೇಕಾ? ಒಂದು ದನ ಸತ್ರೆ ಉತ್ತರ ಕೊಡುದು ಯಾರು? ನಾನಲ್ವಾ?"

"ಉಳಿದ ದಿವಸ ನೀವೇ," ಎಂದಳು ರಮ್ಲತ್. "ಆದಿತ್ಯವಾರ ಮಾತ್ರ ನಾವು ಕೊಡ್ತೇವೆ."

"ಬೇರೆ ಊರಿನವರು ನಿಮಗೆ ಬೈತಾರೆ."

"ಬೈಲಿ ಡಾಕ್ಟ್ರೆ. ನಾನು ಅತ್ತೆಯ ಜೊತೆ ಇಪ್ಪತ್ತು ವರ್ಷ ಇದ್ದವಳು."

ಈ ಸಲದ ನಗು ನಿಲ್ಲಲಿಲ್ಲ. ಕೀರ್ತನ್ ಕೂಡ ನಕ್ಕ. ಹೇಗೂ ಬಿಡುವ ಕೆಲಸ, ಏನಾದರೂ ಮಾಡಿಕೊಳ್ಳಲಿ ಎಂದುಕೊಂಡು ನಿಶ್ಮಿತಾ ಫೋನನ್ನು ಕುಕ್ಕಪ್ಪನ ಕೈಗೆ ಕೊಟ್ಟಳು. ಕರೆ ಬೇರೆ ನಂಬರಿಗೆ ಹೋಗುವ ಸೆಟ್ಟಿಂಗ್ ಎಲ್ಲಿದೆಯೆಂದು ಅವನಿಗೆ ಮೊದಲೇ ತಿಳಿದಿತ್ತು.

* * *

ಮೊದಲ ಆದಿತ್ಯವಾರ ಅವಳು ನಿದ್ದೆ ಮಾಡಿದಳು. ಎಚ್ಚರವಾದಾಗ ಬಿಸಿಲು ಪಶ್ಚಿಮದ ಕಿಟಕಿಗೆ ಬಂದಿತ್ತು. ಎದ್ದು ಅನ್ನಕ್ಕೆ ಮಜ್ಜಿಗೆ ಕಲಸಿ ತಿಂದು ಮತ್ತೆ ಮಲಗಿದಳು.

ಎರಡನೆಯ ಆದಿತ್ಯವಾರ ನಿದ್ದೆ ಬರಲಿಲ್ಲ. ಬಟ್ಟೆ ಒಗೆದಳು. ಅಮ್ಮನೊಡನೆ ಮಾತಾಡಿದಳು. ಮೇಜಿನ ಮೇಲೆ ಸದ್ದಿಲ್ಲದೆ ಬಿದ್ದುಕೊಂಡ ಫೋನು ರಿಂಗಾಗುವ ಫೋನಿಗಿಂತ ದೊಡ್ಡ ಹಿಂಸೆಯಾಯಿತು. ಯಾವ ಹಟ್ಟಿಯಲ್ಲಿ ಯಾವ ದನ ಕಾಲು ಚಾಚಿ ಬಿದ್ದಿದೆಯೋ, ರಮ್ಲತಕ್ಕ ಯಾರಿಗೆ ನಾಳೆ ಬನ್ನಿ ಎಂದಿದ್ದಾಳೋ. ಮಧ್ಯಾಹ್ನದ ಹೊತ್ತಿಗೆ ತಡೆಯಲಾಗಲಿಲ್ಲ. ಈ ಏರ್ಪಾಡು ಸಾಕು, ನನ್ನ ಕರೆಗಳು ನನಗೇ ಬರಲಿ ಎಂದು ಹೇಳಿಬಿಡುವ ನಿರ್ಧಾರದಿಂದ ಸ್ಕೂಟರ್ ಹತ್ತಿ ಇಚಿಲಂಪಾಡಿಗೆ ಹೋದಳು.

ರಮ್ಲತ್ ಮನೆಯೊಳಗಿರಲಿಲ್ಲ. ಹಟ್ಟಿಯಲ್ಲಿ ಒಂದು ಮರದ ಮಣೆಯ ಮೇಲೆ ಕೂತು, ಕಿವಿಗೆ ಫೋನು ಹಿಡಿದಿದ್ದಳು. "ಸೆಗಣಿ ಹಾಕಿತಾ? ಮೆಲುಕು ಹಾಕ್ತದಾ? ಹಾಗಾದ್ರೆ ನಾಳೆ. ಡಾಕ್ಟ್ರು ಇವತ್ತು ಇಲ್ಲ. ಎಲ್ಲಿಗೆ ಹೋಗಿದ್ದಾರೆ ಅಂತ ನಿಮಗೆ ಯಾಕೆ?" ಎಂದು ಹೇಳಿ ತಲೆಯೆತ್ತಿದರೆ ಎದುರಿಗೆ ಡಾಕ್ಟರೇ ನಿಂತಿದ್ದರು.

ನಿಶ್ಮಿತಾಳ ಬಾಯಲ್ಲಿದ್ದ ಮಾತು ಅಲ್ಲೇ ಉಳಿಯಿತು. ಹಟ್ಟಿಯ ಮೂಲೆಯಲ್ಲಿ ಕಂದು ಬಣ್ಣದ ಒಂದು ದನ ಹಗ್ಗವಿಲ್ಲದೆ ನಿಂತಿತ್ತು. ಬಾಲ ತುಸು ಎತ್ತಿತ್ತು. ಕರು ಹಾಕುವ ಮೊದಲು ಆಗುವಂತೆ ಬಾಲದ ಬುಡದ ಎರಡೂ ಬದಿ ಗುಳಿಬಿದ್ದಿತ್ತು. ಒಂದು ಸುತ್ತು ತಿರುಗಿತು, ಬೈಹುಲ್ಲನ್ನು ಮೂಸಿತು, ಮಲಗಿತು, ಎದ್ದಿತು.

ಅವಳ ಕೈ ತಾನಾಗಿಯೇ ಕುರ್ತದ ತೋಳು ಮಡಚತೊಡಗಿತು.

"ನೀವು ಇವತ್ತು ಡಾಕ್ಟ್ರು ಅಲ್ಲ," ಎಂದಳು ರಮ್ಲತ್. "ಕೂತುಕೊಳ್ಳಿ." ಮಣೆಯ ಮೇಲೆ ಪಕ್ಕಕ್ಕೆ ಸರಿದಳು.

ನಿಶ್ಮಿತಾ ಕೂತಳು. ಹಟ್ಟಿಯ ಹಿಂದಿನ ರಬ್ಬರ್ ಮರಗಳಲ್ಲಿ ಗಾಳಿ ಇರಲಿಲ್ಲ. ದನ ಇವರನ್ನು ಒಮ್ಮೆ ನೋಡಿ, ಇವರಿಂದ ತನಗೇನೂ ಆಗಬೇಕಾದ್ದಿಲ್ಲ ಎಂಬಂತೆ ಮುಖ ತಿರುಗಿಸಿ ಮಲಗಿತು. ಮೈ ಬಿಗಿಯಿತು, ಸಡಿಲಿತು. ನೀಲಿ ಮಿಶ್ರಿತ ಬೂದು ಬಣ್ಣದ ನೀರಿನ ಚೀಲವೊಂದು ನಿಧಾನವಾಗಿ ಹೊರಬಂದು, ಬೆಳಕಿಗೆ ಹೊಳೆದು, ಅಷ್ಟೇ ನಿಧಾನವಾಗಿ ಒಡೆಯಿತು. ನೆಲದ ಬೈಹುಲ್ಲು ಒದ್ದೆಯಾಯಿತು.

ಆಮೇಲೆ ಎರಡು ಗೊರಸು ಕಾಣಿಸಿತು. ಒಂದು ಮುಂದೆ, ಒಂದು ತುಸು ಹಿಂದೆ. ಅಂಗಾಲು ಕೆಳಮುಖ. ಮುಂಗಾಲುಗಳೇ, ಸರಿಯಾಗಿದೆ ಎಂದು ಅವಳ ತಲೆ ತಾನಾಗಿ ಲೆಕ್ಕ ಹಾಕಿತು. ಗೊರಸಿನ ತುದಿಗಳಿಗೆ ಹಳದಿ ಬಣ್ಣದ, ಬೆಣ್ಣೆಯಂಥ ಮೆತ್ತನೆಯ ಹೊದಿಕೆಯಿತ್ತು. ಹೊರಗೆ ಬರುವಾಗ ತಾಯಿಯ ಒಳಗು ಗೀರಬಾರದೆಂದು ಇರುವ ಹೊದಿಕೆ ಅದು. ಹುಟ್ಟಿದ ಮೇಲೆ ಸ್ವಲ್ಪ ಹೊತ್ತಿನಲ್ಲೇ ಸವೆದುಹೋಗುತ್ತದೆ. ಪುಸ್ತಕದಲ್ಲಿ ಅದರ ಹೆಸರನ್ನು ಓದಿ ಪರೀಕ್ಷೆ ಬರೆದಿದ್ದಳು. ಅದೇ ಗೊರಸುಗಳಿಗೆ ಎಷ್ಟೋ ಸಲ ಹಗ್ಗ ಬಿಗಿದಿದ್ದಳು. ಬೆಳಕಿನಲ್ಲಿ ಹೀಗೆ ಕೂತು ನೋಡಿರಲಿಲ್ಲ.

ದನ ತಳ್ಳುವುದನ್ನು ನಿಲ್ಲಿಸಿತು. ಗೊರಸುಗಳು ಅಲ್ಲೇ ನಿಂತವು. ಹೊತ್ತು ಹೋಯಿತು.

ಅಷ್ಟರಲ್ಲಿ ರಮ್ಲತಳ ಫೋನು ರಿಂಗಾಯಿತು. ಕೀರ್ತನನ ದನಿ ನಿಶ್ಮಿತಾಳಿಗೂ ಕೇಳುವಷ್ಟು ಜೋರಾಗಿತ್ತು. ಹಗ್ಗ ಬಿಚ್ಚಿಕೊಂಡು ಹೋದ ದನವೊಂದು ರಾಶಿ ಹಾಕಿದ್ದ ಹಲಸಿನ ಹಣ್ಣನ್ನೆಲ್ಲ ತಿಂದು, ಎಡಹೊಟ್ಟೆ ಉಬ್ಬಿ, ಬಾಯಿ ತೆರೆದು ಉಸಿರು ಎಳೆಯುತ್ತಿತ್ತು.

ನಿಶ್ಮಿತಾ ಎದ್ದಳು. ಇದು ನಾಳೆಗೆ ಇಡುವಂಥದ್ದಲ್ಲ. ಹೊಟ್ಟೆ ಚುಚ್ಚಿ ಗಾಳಿ ತೆಗೆಯದಿದ್ದರೆ ದನ ಉಳಿಯುವುದಿಲ್ಲ. ರಮ್ಲತ್ ಆಗಲೇ ನೆಲ್ಯಾಡಿಗೆ ಫೋನು ಮಾಡಿದ್ದಳು. ನಿಶ್ಮಿತಾ ಅದನ್ನು ಅವಳ ಕೈಯಿಂದ ಕಸಿದುಕೊಂಡಳು.

"ಸರ್, ನಾನು ನಿಶ್ಮಿತಾ. ನಾನು ಇಲ್ಲೇ ಇದ್ದೇನೆ, ನಾನೇ ಹೋಗ್ತೇನೆ."

"ನಿನ್ನ ಹತ್ತಿರ ಟ್ರೋಕಾರ್ ಉಂಟಾ?" ಎಂದರು ಕೃಷ್ಣಮೋಹನ. ಹೊಟ್ಟೆ ಚುಚ್ಚುವ ಆ ಸಾಧನ ಅವಳ ಚೀಲದಲ್ಲಿತ್ತು, ಚೀಲ ಕಡಬದಲ್ಲಿತ್ತು. "ಇಲ್ಲ ಅಲ್ವಾ? ನಾನು ಬ್ಯಾಗ್ ಹಿಡ್ಕೊಂಡು ಕಾರಲ್ಲಿ ಕೂತಾಯ್ತು. ಕೀರ್ತನ್ ಮೊದಲೇ ಭಟ್ಟರಿಗೆ ಫೋನ್ ಮಾಡಿದ್ದನಂತೆ, ಅವರು ಇಲ್ಲೇ ನೆಲ್ಯಾಡಿ ಪೇಟೆಯಲ್ಲಿದ್ರು, ದಾರಿ ತೋರಿಸ್ಲಿಕ್ಕೆ ಹತ್ತಿದ್ದಾರೆ. ನಾನು ಎಷ್ಟು ವರ್ಷ ಇದನ್ನೇ ಮಾಡಿದವ ಅಂತ ನಿನಗೆ ಗೊತ್ತುಂಟಲ್ಲ ಮಾರಾಯ್ತಿ. ನೀನು ಕೂತುಕೋ."

ಕರೆ ನಿಂತಿತು. ಅವಳು ಹಟ್ಟಿಯ ಬಾಗಿಲಲ್ಲಿ ಸ್ಕೂಟರಿನ ಕೀ ಹಿಡಿದು ನಿಂತಳು. ಹೋದರೂ ಬರಿಗೈ. ತಾನಿಲ್ಲದೆ ಒಂದು ದನದ ಜೀವ ಉಳಿಯಬಹುದು ಎಂಬುದನ್ನು ಅವಳ ಮೈ ಒಪ್ಪುತ್ತಿರಲಿಲ್ಲ.

"ಡಾಕ್ಟ್ರೆ," ಎಂದು ರಮ್ಲತ್ ಮೆಲ್ಲಗೆ ಕರೆದಳು. ಅವಳ ಮುಖದಲ್ಲೂ ಈಗ ಗಾಬರಿಯಿತ್ತು. "ಇಲ್ಲಿ ಇದು ನಿಂತುಬಿಟ್ಟಿದೆ. ನೀವೇ ಹೇಳಿ, ಕೈ ಹಾಕ್ಬೇಕಾ?"

ನಿಶ್ಮಿತಾ ದನದ ಹಿಂದೆ ಹೋಗಿ ಕುಕ್ಕರುಗಾಲಲ್ಲಿ ಕೂತಳು. ಗೊರಸು ತೇವವಾಗಿತ್ತು. ಅದರ ಮೇಲೆ, ಒಳಗಿನ ಕತ್ತಲಿನಲ್ಲಿ, ಕರುವಿನ ನಾಲಗೆಯ ತುದಿ ನಸುಗೆಂಪಾಗಿ ಕಂಡಿತು. ಕಾಲಿನ ಮೇಲೆ ಮೂತಿ, ಈಜುವವರು ಕೈ ಚಾಚಿ ನೀರಿಗೆ ಇಳಿಯುವ ಹಾಗೆ. ನಾಲಗೆ ಅಲುಗಿತು. ಜೀವವಿದೆ. ಎಲ್ಲವೂ ಇರಬೇಕಾದಲ್ಲಿಯೇ ಇತ್ತು. ತಾಯಿ ಸುಸ್ತಾಗಿರಲಿಲ್ಲ, ಸುಧಾರಿಸಿಕೊಳ್ಳುತ್ತಿತ್ತು. ಎಳೆಯಬೇಕೆಂದು ಬೆರಳುಗಳು ತುಡಿದವು. ಎರಡು ಕೈಯಿಂದ ಹಿಡಿದು ಎಳೆದರೆ ಈಗಲೇ ಮುಗಿಯುತ್ತದೆ.

"ಬೇಡ," ಎಂದಳು. "ಏನೂ ಮಾಡ್ಬೇಕಾಗಿಲ್ಲ."

ಹಿಂದಕ್ಕೆ ಬಂದು ಮಣೆಯ ಮೇಲೆ ಕೂತು, ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಳು.

ದನ ಒಂದು ದೀರ್ಘ ಉಸಿರು ಬಿಟ್ಟಿತು. ಮತ್ತೆ ಮೈ ಬಿಗಿಯಿತು. ಈ ಸಲ ಬಿಗಿತ ಕುತ್ತಿಗೆಯಿಂದ ಹೊರಟು ಬೆನ್ನುದ್ದಕ್ಕೂ ಹರಿದು ಬಂದದ್ದು ಕಣ್ಣಿಗೆ ಕಾಣುವಂತಿತ್ತು. ಮೂತಿ ಹೊರಬಂತು. ಮುಚ್ಚಿದ ಕಣ್ಣು, ಹಣೆ, ಕುತ್ತಿಗೆಗೆ ಅಂಟಿದ ಕಿವಿ. ಹಣೆ ದಾಟಿದ ಮೇಲೆ ಭುಜಕ್ಕೆ ತಡವಾಗಲಿಲ್ಲ. ಆಮೇಲೆ ಎಲ್ಲವೂ ಒಟ್ಟಿಗೆ ಜಾರಿತು. ಒಂದು ಕ್ಷಣದ ಹಿಂದೆ ಇಲ್ಲದಿದ್ದ ಇಡೀ ಒಂದು ಪ್ರಾಣಿ ಬೈಹುಲ್ಲಿನ ಮೇಲೆ ಬಿದ್ದುಕೊಂಡು, ಮೈಯಿಂದ ಹಬೆ ಏಳಿಸುತ್ತ, ಸೀನಿತು.

"ಅಲ್‌ಹಮ್ದುಲಿಲ್ಲಾ," ಎಂದಳು ರಮ್ಲತ್, ತನಗೆ ತಾನೇ ಹೇಳಿಕೊಂಡಂತೆ.

ದನ ಎದ್ದು ತಿರುಗಿತು. ಕರುವನ್ನು ಮೂಸಿತು. ಆಗ ಅದರ ಗಂಟಲಿನ ಆಳದಿಂದ, ಬಾಯಿ ತೆರೆಯದೆಯೇ, ಒಂದು ಸದ್ದು ಬಂತು. ಕೂಗಲ್ಲ, ನರಳಿಕೆಯೂ ಅಲ್ಲ. ಬಾಗಿಲು ಮುಚ್ಚಿದ ಕೋಣೆಯೊಳಗೆ ಯಾರೋ ಮಾತಾಡಿದ ಹಾಗೆ, ತಗ್ಗಿದ ದನಿಯಲ್ಲಿ, ಮತ್ತೆ ಮತ್ತೆ. ನಿಶ್ಮಿತಾ ಇಷ್ಟು ವರ್ಷ ದನಗಳ ನಡುವೆ ಬದುಕಿದವಳು. ಹಸಿವಿನ ಕೂಗು, ನೋವಿನ ಕೂಗು, ಹೋರಿಗಾಗಿ ಕೂಗುವ ಕೂಗು, ಎಲ್ಲ ಗೊತ್ತಿತ್ತು. ಈ ಸದ್ದು ಗೊತ್ತಿರಲಿಲ್ಲ. ಅವಳು ಹೋದ ಹೆರಿಗೆಗಳಲ್ಲಿ ತಾಯಿಗೆ ಅಷ್ಟು ತ್ರಾಣವೇ ಉಳಿದಿರುತ್ತಿರಲಿಲ್ಲ. ಅಥವಾ ಇಂಥದ್ದು ಆಗುವ ಮೊದಲೇ ಅವಳು ಸ್ಕೂಟರ್ ಹತ್ತಿರುತ್ತಿದ್ದಳು.

ಕರು ತನ್ನ ಕಿವಿಯನ್ನು ಬಿಡಿಸಿಕೊಂಡು ಆ ಸದ್ದಿನ ಕಡೆ ತಿರುಗಿಸಿತು. ಮೊದಲು ತಿರುಗಿದ್ದು ಕಿವಿ. ಆಮೇಲೆ ತಲೆ.

ನಿಶ್ಮಿತಾಳ ಮೈಮೇಲಿನ ಕೂದಲೆಲ್ಲ ಎದ್ದು ನಿಂತಿತು. ಎದೆಯೊಳಗೆ ಬಹಳ ದಿನದಿಂದ ಜೋಮು ಹಿಡಿದಿದ್ದ ಏನೋ ಒಂದಕ್ಕೆ ರಕ್ತ ಹರಿದಂತೆ ಮೊದಲು ನೋವೇ ಆಯಿತು. ತಾಯಿಯ ಒರಟು ನಾಲಗೆ ಕರುವಿನ ಹಣೆಯ ಮೇಲೆ ಹೋದಲ್ಲೆಲ್ಲ ಒದ್ದೆ ಕೂದಲು ಸುಳಿಯಾಗಿ ಏಳುತ್ತಿತ್ತು. ನಾಲಗೆಯ ಪ್ರತಿ ಎಳೆತಕ್ಕೂ ಕರು ಇನ್ನಷ್ಟು ಎಚ್ಚರವಾಗುತ್ತಿತ್ತು. ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ. ಈ ತಾಯಿಗೆ ಇದು ಮೊದಲ ಹೆರಿಗೆ.

"ಎಂತ ಡಾಕ್ಟ್ರೆ," ಎಂದಳು ರಮ್ಲತ್. "ಕರು ನೋಡಿಯೇ ಇಲ್ಲದವರ ಹಾಗೆ ನೋಡ್ತೀರಲ್ಲ?"

"ನೋಡಿಲ್ಲ ರಮ್ಲತಕ್ಕ. ಸರಿಯಾಗಿ ಆಗುವಲ್ಲಿಗೆ ನನ್ನನ್ನು ಯಾರು ಕರೀತಾರೆ?"

ರಮ್ಲತ್ ಅವಳ ಮುಖ ನೋಡಿದಳು. ಕರುವನ್ನು ಒರೆಸಲೆಂದು ತಂದಿಟ್ಟುಕೊಂಡಿದ್ದ ಹಳೆಯ ಬಟ್ಟೆಯ ಒಣ ತುದಿಯನ್ನು ಅವಳ ಕಡೆ ಚಾಚಿದಳು. ಆಗಲೇ ನಿಶ್ಮಿತಾಳಿಗೆ ತನ್ನ ಕೆನ್ನೆ ಒದ್ದೆಯಾಗಿದೆಯೆಂದು ತಿಳಿದದ್ದು.

ಸಂಜೆಯ ಮೊದಲು ಭಟ್ಟರ ಫೋನು ಬಂತು. ಕೀರ್ತನನ ದನ ಉಳಿದಿತ್ತು. ಕೃಷ್ಣಮೋಹನರು ಬೆವರಿ ನೆನೆದು, ಅವನ ಮನೆಯ ಜಗಲಿಯಲ್ಲಿ ಕೂತು ಎರಡನೇ ಲೋಟ ಚಾ ಕುಡಿಯುತ್ತಿದ್ದರಂತೆ. "ಬಹಳ ಖುಷಿಯಲ್ಲಿದ್ದಾರೆ ಮಾರಾಯ್ರೆ," ಎಂದರು ಭಟ್ಟರು. "ಮನೆಯಲ್ಲಿ ಕೂತು ಕೂತು ಬೇಜಾರಾಗಿತ್ತಂತೆ."

* * *

ಎಲ್ಲವೂ ಸುಲಭವಾಗಿ ನಡೆಯಿತೆಂದೇನಲ್ಲ. ಮಳೆಗಾಲದ ಒಂದು ಆದಿತ್ಯವಾರ ಪಕ್ಕದ ಊರಿನಲ್ಲಿ ಆಡೊಂದು ಸತ್ತಿತು. ಕೃಷ್ಣಮೋಹನರು ತಲುಪುವಾಗ ತಡವಾಗಿತ್ತು. ಆಡಿನವನು ಆಸ್ಪತ್ರೆಗೆ ಬಂದು ನಿಶ್ಮಿತಾಳ ಎದುರು ನಿಂತು ಬೈದ. ಅವಳು ಎದ್ದು ನಿಂತು ಪೂರ್ತಿ ಕೇಳಿಸಿಕೊಂಡಳು. ಅವನು ಹೋದ ಮೇಲೆ ಬಹಳ ಹೊತ್ತು ಮನಸ್ಸು ಹಿಂಡಿತು. ಮತ್ತೆ ನೋವಾಗುತ್ತಿದೆಯಲ್ಲ ಎಂದು ಅವಳಿಗೆ ಆಶ್ಚರ್ಯವಾಯಿತು. ಆ ದಿನ ಸಂಜೆ ರಮ್ಲತ್ ಮತ್ತು ಭಟ್ಟರು ಆ ಮನೆಗೆ ಹೋಗಿ, ಕರೆ ತೆಗೆದದ್ದು ತಾವು, ತಪ್ಪಾಗಿದ್ದರೆ ತಮ್ಮದು ಎಂದು ಹೇಳಿ ಬಂದರು. ಏರ್ಪಾಡು ನಿಲ್ಲಲಿಲ್ಲ. ಬೇರೆ ಎರಡು ಸೊಸೈಟಿಗಳವರೂ ಸೇರಿಕೊಂಡರು. ರಮ್ಲತಳ ಜೊತೆಗೆ ಇನ್ನಿಬ್ಬರು ಸರದಿಯಂತೆ ಕರೆ ತೆಗೆಯತೊಡಗಿದರು. ಖಾಲಿ ಹುದ್ದೆಗಳು ಖಾಲಿಯೇ ಇದ್ದವು. ಮಳೆಗಾಲ ಕಳೆಯಿತು, ನಿಶ್ಮಿತಾ ಕೆಲಸ ಬಿಡಲಿಲ್ಲ. ಬಿಡುತ್ತೇನೆಂದು ಸಭೆಯಲ್ಲಿ ಹೇಳಿದ್ದನ್ನು ಯಾರೂ ನೆನಪಿಸಲೂ ಇಲ್ಲ.

ಚಳಿ ಶುರುವಾದ ಒಂದು ಬೆಳಿಗ್ಗೆ, ಆಸ್ಪತ್ರೆಯಲ್ಲಿ ಜನ ಇಲ್ಲದ ಹೊತ್ತಿನಲ್ಲಿ, ಕೀರ್ತನ್ ಫೋನು ಮಾಡಿದ.

"ಎಂತ ಆಗಿದೆ?" ಎಂದು ಕೇಳುತ್ತ ಅವಳು ಚೀಲಕ್ಕೆ ಕೈ ಹಾಕಿದಳು.

"ಎಂತದೂ ಆಗ್ಲಿಲ್ಲ ಡಾಕ್ಟ್ರೆ. ಒಂದು ಕಡಸು ಉಂಟು, ಈಗ ಕರು ಹಾಕುವ ಅಂದಾಜು. ಎಲ್ಲ ಸರಿ ಉಂಟು. ರಮ್ಲತಕ್ಕ ಹೇಳಿದ್ರು. ಪುರುಸೊತ್ತಿದ್ರೆ ಬನ್ನಿ. ಸುಮ್ಮನೆ, ನೋಡ್ಲಿಕ್ಕೆ."

ಅವಳು ಹೋದಾಗ ಅವನ ಹಟ್ಟಿಯಲ್ಲಿ ಹುಲ್ಲು ಕತ್ತರಿಸುವ ಮೆಷಿನ್ ನಿಲ್ಲಿಸಿದ್ದರು. ಕೀರ್ತನ್, ಅವನ ಹೆಂಡತಿ, ಅವನ ತಾಯಿ ಗೋಡೆಗೆ ಒರಗಿ ಸಾಲಾಗಿ ಕೂತಿದ್ದರು. ಯಾರೂ ಏಳಲಿಲ್ಲ. ಮುದುಕಿ ತುಟಿಯ ಮೇಲೆ ಬೆರಳಿಟ್ಟು, ಇನ್ನೊಂದು ಕೈಯಿಂದ ತನ್ನ ಪಕ್ಕದ ಗೋಣಿಯನ್ನು ತಟ್ಟಿದಳು. ನಿಶ್ಮಿತಾ ಚಪ್ಪಲಿ ಹೊರಗೆ ಬಿಟ್ಟು ಬಂದು ಅಲ್ಲಿ ಕೂತಳು. ಕಡಸು ತಲೆ ತಿರುಗಿಸಿ ನಾಲ್ವರನ್ನೂ ಒಬ್ಬೊಬ್ಬರಾಗಿ ನೋಡಿತು. ಆಮೇಲೆ ಮುಂಗಾಲು ಮಡಚಿ, ನಿಧಾನವಾಗಿ, ಬೈಹುಲ್ಲಿನ ಮೇಲೆ ಮಲಗಿತು.